ಟೆನ್ಷನ್ ಇಳಿಸೋಕೆ ಯಾವ ದಾರಿ, ಯಾವ ಹೊತ್ತಿಗೆ?

ಟೆನ್ಷನ್ ಜಾಸ್ತಿಯಾಗಿದೆ ಎಂದು ನಾಲ್ಕು ಜನರ ಮುಂದೆ ಹೇಳಿ ನೋಡಿ. ಒಬ್ಬರು ಧ್ಯಾನ ಮಾಡು ಎನ್ನುತ್ತಾರೆ. ಇನ್ನೊಬ್ಬರು ಬೆಳಿಗ್ಗೆ ಬೇಗ ಎದ್ದು ಓಡು ಎನ್ನುತ್ತಾರೆ. ಮತ್ತೊಬ್ಬರು ಯಾರ ಹತ್ತಿರವಾದರೂ ಹೇಳಿಕೊಂಡುಬಿಡು, ಹಗುರಾಗುತ್ತದೆ ಎನ್ನುತ್ತಾರೆ. ನಾಲ್ಕನೆಯವರು "ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದು ಎದ್ದು ಹೋಗುತ್ತಾರೆ. ಕೊನೆಯದನ್ನು ಬಿಟ್ಟರೆ ಉಳಿದ ಮೂರೂ ಒಳ್ಳೆಯ ಸಲಹೆಗಳೇ. ಎಡವಟ್ಟಾಗುವುದು ಹೊತ್ತಿನ ವಿಷಯದಲ್ಲಿ. ರಾತ್ರಿ 11ಕ್ಕೆ ಬಂದ ಮೇಲ್ ಓದಿ ಎದೆ ಢವಢವ ಎನ್ನುವಾಗ ಓಡಲು ಹೋಗಲಾಗುವುದಿಲ್ಲ. ತಿಂಗಳುಗಟ್ಟಲೆ ತೀರದ ಸಾಲಕ್ಕೆ ಉಸಿರಾಟದ ವ್ಯಾಯಾಮ ಒಂದೇ ಸಾಲುವುದಿಲ್ಲ.

ಹಾಗಾಗಿ ಇಲ್ಲಿ ಯಾವುದು ಫಸ್ಟ್, ಯಾವುದು ಸೆಕೆಂಡ್ ಎಂದು ಅಂಕ ಕೊಡಲು ಹೋಗುವುದಿಲ್ಲ. ಎರಡು ಪ್ರಶ್ನೆ ಕೇಳಿಕೊಂಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಈ ಟೆನ್ಷನ್ ಈ ಗಳಿಗೆಯದ್ದೋ, ದಿನಾ ಹೊತ್ತು ತಿರುಗುವಂಥದ್ದೋ? ಇದರ ಕಾರಣ ಸ್ವಲ್ಪವಾದರೂ ನಿಮ್ಮ ಕೈಯಲ್ಲಿದೆಯೋ, ಇಲ್ಲವೋ?

ಮೊದಲು ಮೈಯೊಳಗೆ ಏನಾಗುತ್ತದೆ ನೋಡೋಣ

"ಸ್ವಲ್ಪ ಮಾತಾಡಬೇಕು, ನಾಳೆ ಬಂದು ಕಾಣಿ" ಎಂದು ಮೇಲಧಿಕಾರಿಯಿಂದ ಒಂದೇ ಸಾಲಿನ ಮೆಸೇಜ್ ಬಂತು ಎಂದುಕೊಳ್ಳಿ. ಯಾವ ವಿಷಯ ಎಂದು ಬರೆದಿಲ್ಲ. ಆ ಗಳಿಗೆಯಲ್ಲಿ ನಿಮ್ಮ ಮೈಯನ್ನು ನೀವೇ ಗಮನಿಸಿ. ಹಲ್ಲು ಕಚ್ಚಿಕೊಂಡಿರುತ್ತೀರಿ. ಭುಜ ಕಿವಿಯ ಕಡೆಗೆ ಏರಿರುತ್ತದೆ. ಉಸಿರು ಹೊಟ್ಟೆಯವರೆಗೆ ಇಳಿಯದೆ ಎದೆಯ ಮೇಲ್ಭಾಗದಲ್ಲೇ ಓಡಾಡುತ್ತಿರುತ್ತದೆ. ಅಂಗೈ ತಣ್ಣಗಾಗಿ, ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಿರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಇಷ್ಟೆಲ್ಲ ಮಾಡುವುದರಲ್ಲಿ ದೊಡ್ಡ ಪಾಲು ಅಡ್ರಿನಲಿನ್ ಎಂಬ ಹಾರ್ಮೋನಿನದು. ಅಪಾಯ ಕಂಡರೆ ಮೈ ಹೊಡೆದಾಡಲು ಇಲ್ಲವೇ ಓಡಿಹೋಗಲು ಸಜ್ಜಾಗುತ್ತದೆ ಎಂದು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಮೆಸೇಜಿನ ಜೊತೆ ಹೊಡೆದಾಡಲು ಆಗುವುದಿಲ್ಲ ಎಂಬುದು ಮೈಗೆ ಗೊತ್ತಿಲ್ಲ, ಅಷ್ಟೇ.

ಅಡ್ರಿನಲಿನ್ ಹಿಂದೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬರುತ್ತದೆ. ಅದರದ್ದು ನಿಧಾನದ ಓಟ. ಸಾಮಾನ್ಯವಾಗಿ ಘಟನೆ ನಡೆದು 20ರಿಂದ 30 ನಿಮಿಷದ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಐದು ನಿಮಿಷದ ಜಗಳ ಮುಗಿದು ಎಷ್ಟೋ ಹೊತ್ತಾದರೂ ಮೈ ತಹಬಂದಿಗೆ ಬರುವುದಿಲ್ಲವಲ್ಲ, ಅದಕ್ಕೆ ಇದೂ ಒಂದು ಕಾರಣ. ಎರಡು ನಿಮಿಷ ಏನೋ ಮಾಡಿ "ನನಗೆ ಇದ್ಯಾವುದೂ ಆಗಿಬರಲ್ಲ" ಎಂದು ಕೈಬಿಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಕೈಯಲ್ಲಿರುವುದು, ಇಲ್ಲದಿರುವುದು. 1970ರ ಆಸುಪಾಸಿನಲ್ಲಿ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಯಾವಾಗ ಬರುತ್ತದೆ ಎಂದು ಗೊತ್ತಾಗದ, ಕಿವಿಗೆ ಅಪ್ಪಳಿಸುವ ಸದ್ದನ್ನು ಜನರಿಗೆ ಕೇಳಿಸಿದರು. ಕೆಲವರಿಗೆ ಮಾತ್ರ ಒಂದು ಬಟನ್ ತೋರಿಸಿ, "ತೀರಾ ಕಷ್ಟವಾದರೆ ಇದನ್ನು ಒತ್ತಿ ಸದ್ದು ನಿಲ್ಲಿಸಬಹುದು, ಒತ್ತದಿದ್ದರೆ ಒಳ್ಳೆಯದು" ಎಂದರು. ಅವರು ಒತ್ತದೆ ಕೂತರು. ಅಂದರೆ ಎರಡೂ ಗುಂಪಿನ ಕಿವಿಗೆ ಬಿದ್ದದ್ದು ಒಂದೇ ಸದ್ದು. ಆದರೂ ಆಮೇಲೆ ಕೊಟ್ಟ ಒಗಟುಗಳನ್ನು ಬಿಡಿಸಲು ಬಟನ್ ಇದ್ದವರೇ ಹೆಚ್ಚು ಹೊತ್ತು ಪಟ್ಟು ಹಿಡಿದರು, ತಪ್ಪು ಹುಡುಕುವ ಕೆಲಸವನ್ನೂ ಚೆನ್ನಾಗಿ ಮಾಡಿದರು. ಬೇಕೆಂದರೆ ನಿಲ್ಲಿಸಬಲ್ಲೆ ಎನ್ನುವ ಧೈರ್ಯವೇ ಅರ್ಧ ಭಾರ ಇಳಿಸುತ್ತದೆ. ಅದಕ್ಕೇ ನಾನು ಯಾವ ಟೆನ್ಷನ್ ಬಂದರೂ ಮೊದಲು ಹುಡುಕುವುದು ಇದರಲ್ಲಿ ನನ್ನ ಕೈಗೆ ಸಿಗುವ ಬಟನ್ ಯಾವುದು ಎಂದು.

ಈ ಗಳಿಗೆಗೆ: ಉಸಿರೋ, ಸ್ನಾಯು ಸಡಿಲಿಸುವುದೋ?

ಎದೆ ಹೊಡೆದುಕೊಳ್ಳುತ್ತಿರುವಾಗ ಬುದ್ಧಿಮಾತು ಕೆಲಸ ಮಾಡುವುದಿಲ್ಲ. ಮೊದಲು ಮೈಯನ್ನು ಇಳಿಸಬೇಕು. ಅದಕ್ಕೆ ಅತಿ ಬೇಗ ಸಿಗುವ ಹಿಡಿ ಉಸಿರು.

ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ನಿಮ್ಮ ನಾಡಿ ಹಿಡಿದು ನಿಧಾನಕ್ಕೆ ಉಸಿರಾಡಿದರೆ ನಿಮಗೇ ಗೊತ್ತಾಗಬಹುದು. ಬಡಿತ ಇಳಿಸುವ ಕೆಲಸವನ್ನು ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಹೋಗುವ ವೇಗಸ್ ಎಂಬ ನರ ಮಾಡುತ್ತದೆ. ಆದ್ದರಿಂದ ಗುಟ್ಟು ಇರುವುದು ಉಸಿರು ಬಿಡುವುದರಲ್ಲಿ. "ಜೋರಾಗಿ ಉಸಿರು ತಗೋ, ತಗೋ" ಎನ್ನುವುದು ಅರ್ಧ ಸಲಹೆ. ಗಾಬರಿಯಲ್ಲಿ ದೊಡ್ಡ ದೊಡ್ಡ ಉಸಿರು ಬೇಗ ಬೇಗ ಎಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಇದೇನಾಯಿತು ಎಂದು ಗಾಬರಿ ಇನ್ನಷ್ಟು ಏರುತ್ತದೆ.

ಮಾಡಬೇಕಾದದ್ದು ಇಷ್ಟು. ಮೂಗಿನಿಂದ ಉಸಿರು ಎಳೆದುಕೊಳ್ಳಿ. ಪೂರ್ತಿ ಆಯಿತು ಅನ್ನಿಸಿದಾಗ ಅದರ ಮೇಲೆ ಇನ್ನೊಂದು ಚಿಕ್ಕ ಎಳೆತ. ಆಮೇಲೆ ಬಾಯಿಂದ ಉದ್ದಕ್ಕೆ, ಅವಸರವಿಲ್ಲದೆ ಬಿಡಿ. ಮಗು ಅತ್ತು ಸುಸ್ತಾದ ಮೇಲೆ ಹೀಗೇ ನಿಟ್ಟುಸಿರು ಬಿಡುತ್ತದೆ, ನೋಡಿರಬಹುದು. 2023ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಇದನ್ನು ಮಾಡಿಸಿದರು. ಬೇರೆ ಎರಡು ಬಗೆಯ ಉಸಿರಾಟ ಮತ್ತು ಧ್ಯಾನದ ಗುಂಪುಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. ಎಲ್ಲ ಗುಂಪುಗಳಲ್ಲೂ ಆತಂಕ ಇಳಿಯಿತು. ಮನಸ್ಸಿನ ಲವಲವಿಕೆ ಜಾಸ್ತಿ ಏರಿದ್ದು ನಿಟ್ಟುಸಿರಿನ ಗುಂಪಿನಲ್ಲಿ.

ಸ್ನಾಯು ಸಡಿಲಿಸುವ ದಾರಿ ಇನ್ನೂ ಹಳೆಯದು. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು 1920ರ ದಶಕದಲ್ಲಿ ರೂಪಿಸಿದ್ದು. ಮುಷ್ಟಿ ಬಿಗಿಯಾಗಿ ಹಿಡಿದು ಐದಾರು ಸೆಕೆಂಡು ಇಟ್ಟುಕೊಳ್ಳಿ, ತಟ್ಟನೆ ಬಿಡಿ, ಅರ್ಧ ನಿಮಿಷ ಸುಮ್ಮನಿರಿ. ಹೀಗೆ ತೋಳು, ಭುಜ, ಮುಖ, ಹೊಟ್ಟೆ, ತೊಡೆ, ಪಾದ. ಎಷ್ಟು ಬಿಗಿದುಕೊಂಡಿದ್ದೆ ಎನ್ನುವುದು ಬಿಟ್ಟಾಗಲೇ ಗೊತ್ತಾಗುವುದು. ಪೂರ್ತಿ ಮಾಡಲು ಹತ್ತು ಹದಿನೈದು ನಿಮಿಷ ಬೇಕು. ಸ್ನಾಯು ಉಳುಕಿದ್ದರೆ, ಪೆಟ್ಟು ಬಿದ್ದಿದ್ದರೆ ಆ ಭಾಗ ಬಿಟ್ಟುಬಿಡಿ.

ನಾಲ್ಕು ಜನರ ನಡುವೆ ಕೂತಿದ್ದರೆ ಉಸಿರೇ ಸರಿ, ಯಾರಿಗೂ ಕಾಣುವುದಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುತ್ತ ಬಿದ್ದಿದ್ದರೆ ಸ್ನಾಯು ಸಡಿಲಿಸುವುದು ಮೇಲು. ಕೆಲವರಿಗೆ ಉಸಿರಿನ ಕಡೆ ಗಮನ ಕೊಟ್ಟಷ್ಟೂ ಉಸಿರು ಕಟ್ಟಿದ ಹಾಗಾಗುತ್ತದೆ. ಅಂಥವರು ಹಗಲಲ್ಲೂ ಎರಡನೆಯದನ್ನೇ ಹಿಡಿಯಬಹುದು. ಮೀಟಿಂಗಿನಲ್ಲಿ ಶೂ ಒಳಗೆ ಕಾಲ್ಬೆರಳು ಮಡಚಿ ಬಿಟ್ಟರೆ ಯಾರು ನೋಡುತ್ತಾರೆ?

ದಿನದಿನಕ್ಕೆ: ನಡಿಗೆಯೋ, ಧ್ಯಾನವೋ?

ಎರಡರಲ್ಲಿ ಒಂದೇ ಆರಿಸಬೇಕು ಎಂದರೆ ನನ್ನ ಮತ ನಡಿಗೆಗೆ. ಕಲಿಯಬೇಕಾಗಿಲ್ಲ, "ನನಗೆ ಸರಿಯಾಗಿ ಬರ್ತಿಲ್ಲ" ಎಂಬ ಕೊರಗಿಲ್ಲ, ಮೈಗೂ ಒಳ್ಳೆಯದು. ಹೊಡೆದಾಡಲು, ಓಡಲು ಸಜ್ಜಾದ ಮೈಗೆ ಅದು ಕೇಳಿದ್ದನ್ನೇ ಕೊಟ್ಟ ಹಾಗೂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಬಿರುಸಿನ ಚಟುವಟಿಕೆ. ಕೆಳಗಿನ ಅಂಕಿ ಹಿಡಿದರೆ ದಿನಕ್ಕೆ 22 ನಿಮಿಷವೂ ಆಗುವುದಿಲ್ಲ. ಮಾತಾಡಬಹುದು, ಆದರೆ ಹಾಡಲಾಗುವುದಿಲ್ಲ ಎನ್ನುವಷ್ಟು ಬಿರುಸು ಸಾಕು. ಮರಗಿಡ ಇರುವ ಜಾಗ ಸಿಕ್ಕರೆ ಬಿಡಬೇಡಿ. ಹಸಿರಿನ ನಡುವೆ ಕೂತರೂ ಸರಿ, ನಡೆದರೂ ಸರಿ, 20ರಿಂದ 30 ನಿಮಿಷದಲ್ಲಿ ಕಾರ್ಟಿಸಾಲ್ ಚೆನ್ನಾಗಿ ಇಳಿಯುತ್ತದೆ ಎಂದು ಮಿಷಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಜನರ ಎಂಜಲು ಪರೀಕ್ಷಿಸಿ ಹೇಳಿದ್ದಾರೆ. ಅದಕ್ಕಿಂತ ಹೆಚ್ಚು ಹೊತ್ತು ಇದ್ದರೂ ಲಾಭವಿದೆ, ಇಳಿಯುವ ವೇಗ ಮಾತ್ರ ಕಡಿಮೆ. ಫೋನ್ ನೋಡುತ್ತ ನಡೆಯಬಾರದು ಎನ್ನುವ ಷರತ್ತೂ ಆ ಅಧ್ಯಯನದಲ್ಲಿತ್ತು.

ಒಂದು ಕಡೆ ಮಾತ್ರ ಈ ಲೆಕ್ಕ ತಪ್ಪುತ್ತದೆ: ಸಿಟ್ಟು. ಸಿಟ್ಟು ಬಂದಾಗ ಓಡಿ ಬೆವರು ಸುರಿಸಿದರೆ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದೇವೆ. 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು ಬೇರೆಯದೇ ಹೇಳುತ್ತದೆ. ಸಿಟ್ಟನ್ನು ಇಳಿಸಿದ್ದು ಮೈಯ ಬಿಸಿ ಇಳಿಸುವ ದಾರಿಗಳು, ಅಂದರೆ ನಿಧಾನದ ಉಸಿರು, ಸ್ನಾಯು ಸಡಿಲಿಸುವುದು, ಧ್ಯಾನ, ಯೋಗ. ಜಾಗಿಂಗ್ ಮಾಡಿದವರ ಸಿಟ್ಟು ಇಳಿಯುವ ಬದಲು ಏರುವ ಕಡೆಗೇ ಹೋಯಿತು. ಕೂಗಾಡಿ, ದಿಂಬಿಗೆ ಗುದ್ದಿ ಹೊರಹಾಕುವುದರಿಂದಲೂ ಲಾಭ ಕಾಣಲಿಲ್ಲ. ಸಿಟ್ಟಿದ್ದರೆ ಮೊದಲು ಉಸಿರು, ಆಮೇಲೆ ನಡಿಗೆ.

ಧ್ಯಾನದ ವಿಷಯಕ್ಕೆ ಬರೋಣ. ಆಸ್ಪತ್ರೆಗಳಿಗೆ ಅದನ್ನು ಕೋರ್ಸಿನ ರೂಪದಲ್ಲಿ ತಂದವರು ಜಾನ್ ಕಬಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರುವಾದ ಆ ಎಂಟು ವಾರದ ತರಗತಿಯನ್ನು ಈಗಲೂ ಜಗತ್ತಿನ ಎಷ್ಟೋ ಕಡೆ ನಡೆಸುತ್ತಾರೆ. 2022ರಲ್ಲಿ ಬಂದ ಒಂದು ಅಧ್ಯಯನ ಆತಂಕದ ಕಾಯಿಲೆ ಇದ್ದವರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಈ ತರಗತಿ, ಇನ್ನೊಂದಕ್ಕೆ ಎಸಿಟಲೋಪ್ರಾಮ್ ಎಂಬ ಮಾತ್ರೆ. ಎಂಟು ವಾರದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಸುಧಾರಿಸಿದ್ದವು.

ಇದನ್ನು ಓದಿ ನಡೆಯುತ್ತಿರುವ ಮಾತ್ರೆ ನಿಲ್ಲಿಸುವ ಸಾಹಸಕ್ಕೆ ಯಾರೂ ಕೈ ಹಾಕಬೇಡಿ. ಆ ಗುಂಪಿನವರು ವಾರಕ್ಕೊಂದು ತರಗತಿಗೆ ಹೋಗಿ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ ಮಾಡುವ ಕ್ರಮ ಹಿಡಿದವರು. ಮೊಬೈಲ್ ಆ್ಯಪಿನ ಮೂರು ನಿಮಿಷಕ್ಕೂ ಅದಕ್ಕೂ ಹೋಲಿಕೆ ಇಲ್ಲ. ಟೆನ್ಷನ್ ನೆತ್ತಿಗೇರಿದ ದಿನವೇ ಧ್ಯಾನ ಕಲಿಯಲು ಕೂರುವುದಂತೂ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ನೆಮ್ಮದಿಯ ದಿನಗಳಲ್ಲಿ ಕಲಿತಿದ್ದರೆ ಕಷ್ಟದ ದಿನ ಒದಗುತ್ತದೆ. ಹಿಂದೆ ದೊಡ್ಡ ಆಘಾತ ಅನುಭವಿಸಿದ ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಅದೇ ಮರುಕಳಿಸುವುದುಂಟು. ಅಂಥವರು ಕಣ್ಣು ತೆರೆದೇ ಮಾಡಬಹುದು, ಇಲ್ಲವೇ ನಡಿಗೆಗೆ ಬದಲಾಯಿಸಬಹುದು. ಅದು ಸೋಲೇನಲ್ಲ.

ತಲೆಯಲ್ಲಿ ಗಿರಕಿ ಹೊಡೆಯುವುದಕ್ಕೆ: ಮಾತೋ, ಬರವಣಿಗೆಯೋ?

ಹೇಳಿಕೊಂಡರೆ ಹಗುರಾಗುತ್ತದೆ, ನಿಜ. ಯಾರಿಗೆ ಹೇಳುತ್ತೀರಿ, ಹೇಗೆ ಹೇಳುತ್ತೀರಿ ಎಂಬುದರ ಮೇಲೆ ನಿಂತಿದೆ. ಇಬ್ಬರು ಆಪ್ತರು ಒಂದೇ ತೊಂದರೆಯನ್ನು ದಿನಾ ಕೆದಕಿ ಕೆದಕಿ ಮಾತಾಡುತ್ತಿದ್ದರೆ ಏನಾಗುತ್ತದೆ? ಅಮಾಂಡಾ ರೋಸ್ ಎಂಬ ಮನಶ್ಶಾಸ್ತ್ರಜ್ಞೆ 2002ರಿಂದ ಮಕ್ಕಳು, ಹದಿಹರೆಯದವರ ನಡುವೆ ಇದನ್ನು ನೋಡುತ್ತ ಬಂದಿದ್ದಾರೆ. ಹಾಗೆ ಮಾತಾಡುವವರ ಗೆಳೆತನ ಗಟ್ಟಿಯಾಗಿರುತ್ತದೆ, ಜೊತೆಗೆ ಮನಸ್ಸಿನ ಭಾರವೂ ಜಾಸ್ತಿ ಇರುತ್ತದೆ. ದೊಡ್ಡವರಲ್ಲೂ ಇಂಥ ಜೋಡಿಗಳು ನಿಮಗೆ ಗೊತ್ತಿರಬಹುದು, ಅಲ್ವಾ? ಪ್ರತಿ ಸಂಜೆ ಅದೇ ಬಾಸ್, ಅದೇ ಬೈಗುಳ.

ಮಾತು ಶುರುಮಾಡುವ ಮುಂಚೆ ನಿಮಗೆ ಏನು ಬೇಕು ಎಂದು ಹೇಳಿಬಿಡುವುದು ಎಷ್ಟೋ ಜಗಳ ತಪ್ಪಿಸುತ್ತದೆ. "ಪರಿಹಾರ ಹೇಳ್ಬೇಡ, ಹತ್ತು ನಿಮಿಷ ಕೇಳಿಸ್ಕೋ ಸಾಕು." ಇಲ್ಲವೇ, "ಬರೀ ಕೇಳಿದ್ರೆ ಆಗಲ್ಲ, ನಾನು ಏನು ಮಾಡ್ಬೇಕು ಹೇಳು." ಕೇಳುವವರಿಗೂ ಇದರಿಂದ ನಿರಾಳ.

ಬರವಣಿಗೆಯಲ್ಲಿ ಎರಡು ಬಗೆ ಇದೆ, ಇವನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಮನಸ್ಸಿನಲ್ಲಿ ಹೂತಿಟ್ಟದ್ದನ್ನು ಬಿಡಿಸಿ ಬರೆಯುವುದು. ಜೇಮ್ಸ್ ಪೆನ್ನೆಬೇಕರ್ ಅವರ 1986ರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ಸತತ 4 ದಿನ ತಮ್ಮನ್ನು ತೀರಾ ನೋಯಿಸಿದ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರಿಗೆ ಹಗುರವೇನೂ ಆಗಲಿಲ್ಲ, ಇನ್ನಷ್ಟು ಬೇಸರವೇ ಆಯಿತು. ಮುಂದಿನ ತಿಂಗಳುಗಳಲ್ಲಿ ಘಟನೆಯನ್ನೂ ಅದರ ನೋವನ್ನೂ ಸೇರಿಸಿ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅಂದರೆ ಇದು ನಾಳೆ ಪರೀಕ್ಷೆ, ಸಂದರ್ಶನ ಇರುವ ರಾತ್ರಿ ಮಾಡುವ ಕೆಲಸ ಖಂಡಿತ ಅಲ್ಲ. ಬಿಡುವಿನ ವಾರ ನೋಡಿಕೊಂಡು ಮಾಡುವುದು.

ಮಲಗುವ ಹೊತ್ತಿನದ್ದು ಇನ್ನೊಂದು ಬಗೆ. ನಾಳೆ ಮಾಡಬೇಕಾದ ಕೆಲಸಗಳ ಪಟ್ಟಿ. 2018ರ ಒಂದು ಪ್ರಯೋಗದಲ್ಲಿ ಮಲಗುವ ಮುಂಚೆ 5 ನಿಮಿಷ ಹೀಗೆ ಬರೆದವರು, ಮುಗಿಸಿದ ಕೆಲಸಗಳ ಬಗ್ಗೆ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಗೆ ಜಾರಿದರು. ಬಿಡಿಬಿಡಿಯಾಗಿ ಬರೆದಷ್ಟೂ ಒಳ್ಳೆಯದು. ನಾನು ಬರೆಯುವ ರೀತಿ ಹೀಗಿರುತ್ತದೆ:

ವರದಿ ಬಾಕಿ: ಬೆಳಿಗ್ಗೆ ಮೊದಲ ಎರಡು ಪುಟ.
ಅಮ್ಮನ ರಕ್ತ ಪರೀಕ್ಷೆ: 10 ಗಂಟೆಗೆ ಲ್ಯಾಬಿಗೆ ಫೋನ್.
ನಲ್ಲಿ ಸೋರುತ್ತಿದೆ: ಪ್ಲಂಬರ್‌ಗೆ ಮೆಸೇಜ್.
ಅವನು ಎಲ್ಲರ ಮುಂದೆ ಯಾಕೆ ಹಾಗಂದ:

ನಾಲ್ಕನೆಯದರ ಮುಂದೆ ಖಾಲಿ. ನಾಳೆ ಮಾಡುವಂಥದ್ದು ಅಲ್ಲಿ ಏನೂ ಇಲ್ಲ. ಹೀಗೆ ಖಾಲಿ ಉಳಿದದ್ದನ್ನು ಪಟ್ಟಿಯಲ್ಲಿ ತಿದ್ದುತ್ತ ಕೂರುವುದರಿಂದ ಪ್ರಯೋಜನವಿಲ್ಲ. ಅದನ್ನು ಮಾತಿಗೋ, ಮೊದಲ ಬಗೆಯ ಬರವಣಿಗೆಗೋ ಬಿಡಬೇಕು. ಇನ್ನೂ ಒಂದು ಉಪಾಯ ಇದೆ. ಚಿಂತೆಗೆಂದೇ ದಿನಕ್ಕೆ ಅರ್ಧ ಗಂಟೆ ಗೊತ್ತುಮಾಡಿ, ಅದೇ ಜಾಗದಲ್ಲಿ ಅದೇ ಹೊತ್ತಿಗೆ ಕೂತು ಚಿಂತೆ ಮಾಡುವುದು. ಉಳಿದ ಹೊತ್ತಲ್ಲಿ ಬಂದರೆ "ಸಂಜೆ ಬಾ" ಎಂದು ಮುಂದೂಡುವುದು. ಕೇಳಲು ತಮಾಷೆ ಅನ್ನಿಸುತ್ತದೆ. ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲೇ ಪರೀಕ್ಷಿಸಿ, ಚಿಂತೆಯ ಗೀಳಿದ್ದವರಿಗೆ ಉಪಯೋಗವಾಗುತ್ತದೆ ಎಂದು ತೋರಿಸಿದ್ದರು. ಮಲಗುವ ಹೊತ್ತಿಗೆ ಹತ್ತಿರ ಮಾತ್ರ ಇಟ್ಟುಕೊಳ್ಳಬೇಡಿ.

ಕಾರಣಕ್ಕೇ ಕೈ ಹಾಕುವುದು

ಇಲ್ಲಿಯವರೆಗೆ ಹೇಳಿದ್ದೆಲ್ಲ ಟೆನ್ಷನ್ ಬಂದ ಮೇಲಿನ ಮಾತು. ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಒಂದು ವಿಂಗಡಣೆ ಮುಂದಿಟ್ಟರು. ಒತ್ತಡವನ್ನು ನಿಭಾಯಿಸುವಾಗ ನಾವು ಒಂದೋ ಸಮಸ್ಯೆಯನ್ನೇ ಬದಲಿಸಲು ನೋಡುತ್ತೇವೆ, ಇಲ್ಲವೇ ಅದರಿಂದಾದ ಸಂಕಟವನ್ನು ಇಳಿಸಲು ನೋಡುತ್ತೇವೆ. ಎರಡೂ ಬೇಕು. ಆದರೆ ನನಗೆ ಕಾಣುವ ಮಟ್ಟಿಗೆ ಹೆಚ್ಚಿನವರು ಮೊದಲನೆಯದನ್ನು ಮುಟ್ಟುವುದೇ ಇಲ್ಲ. ಒಂದು ಕಷ್ಟದ ಮಾತುಕತೆ ತಪ್ಪಿಸಿಕೊಳ್ಳಲು ವರ್ಷಗಟ್ಟಲೆ ಪ್ರಾಣಾಯಾಮ ಮಾಡುವವರಿದ್ದಾರೆ.

ಬಟನ್ ಹುಡುಕುವುದು ಎಂದೆನಲ್ಲ, ಅದು ಇಲ್ಲೇ. ಸಾಲ ಪೂರ್ತಿ ತೀರಿಸುವುದು ಕೈಯಲ್ಲಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾವುದಕ್ಕೆ ಬಡ್ಡಿ ಜಾಸ್ತಿ ಎಂದು ಒಂದು ಹಾಳೆಯಲ್ಲಿ ಬರೆಯುವುದು ಕೈಯಲ್ಲಿದೆ. ಬಾಸ್ ಬದಲಾಗುವುದಿಲ್ಲ. ರಾತ್ರಿ 9ರ ಮೇಲೆ ಆಫೀಸಿನ ನೋಟಿಫಿಕೇಶನ್ ಆಫ್ ಮಾಡುವುದು ಎಷ್ಟೋ ಜನರಿಗೆ ಸಾಧ್ಯವಿದೆ, ಮಾಡಿರುವುದಿಲ್ಲ. ಇನ್ನೊಂದು ಕೆಲಸ ಹೇರಲು ಬಂದಾಗ ಮುಖಕ್ಕೆ ಹೊಡೆದಂತೆ "ಆಗಲ್ಲ" ಎನ್ನಲು ಬಾಯಿ ಬರದಿದ್ದರೆ ಹೀಗೆ ಹೇಳಬಹುದು: "ತಗೋತೀನಿ ಸರ್, ಆದರೆ ಆಗ ಮೊದಲಿನದು ಶುಕ್ರವಾರಕ್ಕೆ ಹೋಗುತ್ತೆ. ಯಾವುದು ಮೊದಲು ಬೇಕು ಹೇಳಿ." ತೀರ್ಮಾನ ಅವರ ಪಾಲಿಗೆ ಹೋಗುತ್ತದೆ.

ಮೂರು ಜನರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ, ಒತ್ತಡ ನಿಭಾಯಿಸುವ ಶಿಬಿರ ಏರ್ಪಡಿಸುವ ಕಂಪನಿಗಳೂ ಇವೆ. ಅಲ್ಲಿ ತೊಂದರೆ ಇರುವುದು ನಿಮ್ಮ ಉಸಿರಾಟದಲ್ಲಲ್ಲ. ಶಿಬಿರಕ್ಕೆ ಹೋಗಿ ಬನ್ನಿ, ಜೊತೆಗೆ ಕೆಲಸ ಹಂಚುವ ಮಾತನ್ನೂ ಎತ್ತಿ.

ಉಲ್ಟಾ ಆಗುವುದೂ ಉಂಟು. ಮನೆಯವರ ಕಾಯಿಲೆ, ಬರಬೇಕಾದ ಫಲಿತಾಂಶ, ಇನ್ನೊಬ್ಬರ ಸ್ವಭಾವ, ಇಂಥ ಕಡೆ ಬಗೆಹರಿಸಲು ಒದ್ದಾಡಿದಷ್ಟೂ ಸುಸ್ತು. ಫಲಿತಾಂಶದ ಪುಟವನ್ನು ಗಂಟೆಗೆ ಹತ್ತು ಸಲ ರಿಫ್ರೆಶ್ ಮಾಡುವುದು ಬಟನ್ ಒತ್ತಿದ ಹಾಗೆ ಕಂಡರೂ ಅದಕ್ಕೆ ಯಾವ ತಂತಿಯೂ ಜೋಡಿಸಿಲ್ಲ. ಆಗ ನಡಿಗೆ, ಧ್ಯಾನ, ಮಾತು ಇವೇ ಮುಖ್ಯ ದಾರಿ.

ಆರಾಮ ಕೊಟ್ಟ ಹಾಗೆ ಕಾಣುವವು

ಮದ್ಯ ನಿದ್ದೆಯನ್ನು ಬೇಗ ತರುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ಅದನ್ನೇ ಒಡೆದು ಹಾಕುತ್ತದೆ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ 5ಕ್ಕೆ ಕುಡಿದದ್ದರ ಅರ್ಧ ರಾತ್ರಿ 10ಕ್ಕೂ ಒಳಗೇ ಇರುತ್ತದೆ. ಮೊದಲೇ ಎದೆ ಹೊಡೆದುಕೊಳ್ಳುವವರಿಗೆ ಇದು ಸುಳ್ಳು ಟೆನ್ಷನ್ ಬೇರೆ ಕೊಡುತ್ತದೆ. ಫೋನಿನಲ್ಲಿ ರೀಲ್ಸ್ ನೋಡುವುದು ತಪ್ಪೇನಿಲ್ಲ, ಹದಿನೈದು ನಿಮಿಷಕ್ಕೆ ನಿಲ್ಲಿಸಲು ಬರುವುದಾದರೆ. ನಿಲ್ಲುವುದು ನಿದ್ದೆಯ ಹೊತ್ತನ್ನು ತಿಂದ ಮೇಲೇ ಅಲ್ವಾ? ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಅದು ಕಡಿಮೆಯಾದ ದಿನ ಸಣ್ಣ ಮಾತೂ ಚುಚ್ಚುತ್ತದೆ. ಹಾಗಾಗಿ ಮೇಲಿನದೆಲ್ಲ ಕಷ್ಟ ಎನ್ನುವವರು ನಿದ್ದೆಯಿಂದಲೇ ಶುರುಮಾಡಿ. ಮಿಕ್ಕದ್ದು ಆಮೇಲೆ.

ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರೆ ಅದೇ ಇನ್ನೊಂದು ಟೆನ್ಷನ್. ಈ ಗಳಿಗೆಗೆ ಒಂದು, ದಿನಕ್ಕೆ ಒಂದು ಆರಿಸಿ ಎರಡು ಮೂರು ವಾರ ನಡೆಸಿ. ಒಗ್ಗದಿದ್ದರೆ ಬದಲಿಸಿ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು?

ಇವೆಲ್ಲ ದಿನನಿತ್ಯದ ಒತ್ತಡಕ್ಕೆ. ಎರಡು ವಾರ ಕಳೆದರೂ ಮಂಕು ಕವಿದೇ ಇದ್ದರೆ, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ, ಕುಡಿತವೋ ನಿದ್ದೆ ಮಾತ್ರೆಯೋ ಇಲ್ಲದೆ ದಿನ ದೂಡಲಾಗದಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಎದೆ ಬಿಗಿದು ನೋವು ತೋಳಿಗೋ ದವಡೆಗೋ ಹರಡಿ, ಬೆವರು, ಏದುಸಿರು ಬಂದರೆ ಟೆನ್ಷನ್ ಇರಬೇಕು ಎಂದು ಉಸಿರಾಟ ಮಾಡುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ನಾಳೆಗೆ ಇಡಬೇಡಿ. ಈಗಲೇ ನಂಬಿಕೆಯ ಒಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ, ತುರ್ತು ಸಹಾಯವಾಣಿಗೆ ಫೋನ್ ಮಾಡಿ.

ವೈದ್ಯರ ಹತ್ತಿರ ಹೋಗುವಾಗ ಯಾವಾಗಿನಿಂದ ಹೀಗಿದೆ, ಎಷ್ಟು ಗಂಟೆ ನಿದ್ದೆ ಆಗುತ್ತಿದೆ, ಯಾವ್ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ರಕ್ತ ಪರೀಕ್ಷೆ ಬರೆದರೆ ಅಚ್ಚರಿಪಡಬೇಡಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದರೂ, ರಕ್ತಹೀನತೆ ಇದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಅದಕ್ಕೆ ಬೇರೆಯದೇ ಔಷಧಿ ಇದೆ.